ಅಪ್ಪನ ಬ್ಯಾಟರಿ ಸ್ಕೂಟರ್‌ಗೆ ಬ್ರೇಕ್ ಎಲ್ಲಿದೆ?

ಪ್ರಶ್ನೆ: ನಮ್ಮಪ್ಪನಿಗೆ 71 ವರ್ಷ. ಮೈಸೂರಿನ ಸರಸ್ವತಿಪುರಂನಲ್ಲಿ ಮನೆ. ಒಂದೂವರೆ ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲಿನ ಶಕ್ತಿ ಕಮ್ಮಿಯಾಗಿದೆ. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಾರೆ, ಹೊರಗೆ ಐವತ್ತು ಹೆಜ್ಜೆ ನಡೆದರೆ ಸುಸ್ತು. ಇಂಗ್ಲೆಂಡಿನಲ್ಲಿರುವ ನಮ್ಮಕ್ಕ ಹೇಳಿದಳು ಅಂತ ಎರಡು ತಿಂಗಳ ಹಿಂದೆ ನಾಲ್ಕು ಚಕ್ರದ ಬ್ಯಾಟರಿ ಮೊಬಿಲಿಟಿ ಸ್ಕೂಟರ್, ಅಂದರೆ ನಡೆಯಲು ಕಷ್ಟ ಇರುವವರು ಕೂತು ನಿಧಾನಕ್ಕೆ ಓಡಾಡುವ ಗಾಡಿ, ತಂದೆವು. ಅಪ್ಪ ಮೂವತ್ತು ವರ್ಷ ಬಜಾಜ್ ಚೇತಕ್ ಓಡಿಸಿದವರು, ಇದೇನು ಮಹಾ ಅಂದರು. ಎಂಟನೇ ದಿನ ಸಂಜೆ ವಾಪಸ್ ಬರುವಾಗ ನಮ್ಮ ಗೇಟಿನ ರ‍್ಯಾಂಪ್ ಮೇಲೆ ಸ್ಕೂಟರ್ ಪಕ್ಕಕ್ಕೆ ಮಗುಚಿತು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. "ನಾನು ಬ್ರೇಕ್ ಹಿಡಿದೆ, ನಿಲ್ಲೋ ಬದಲು ಇನ್ನೂ ಮುಂದೆ ನುಗ್ಗಿತು" ಅನ್ನುತ್ತಾರೆ. ಅಂಗಡಿಯವರು ನೋಡಿ ಗಾಡಿ ಸರಿಯಾಗಿದೆ ಅಂದರು. ಅಮ್ಮ ಕೀ ಎತ್ತಿಟ್ಟಿದ್ದಾರೆ, ಅಪ್ಪ ಮಾತು ಬಿಟ್ಟಿದ್ದಾರೆ. ಮಾರಿಬಿಡೋದಾ, ಅಥವಾ ಇದನ್ನು ಸರಿಯಾಗಿ ಕಲಿಸೋದಕ್ಕೆ ಆಗುತ್ತಾ?

ಉತ್ತರ: ಸದ್ಯಕ್ಕೆ ಮಾರಬೇಡಿ. ಅಂಗಡಿಯವರು ಹೇಳಿದ್ದೂ ನಿಜ, ನಿಮ್ಮ ತಂದೆ ಹೇಳಿದ್ದೂ ನಿಜ. ಅವರು ಸುಳ್ಳು ಹೇಳುತ್ತಿಲ್ಲ, ಮರೆವೂ ಅಲ್ಲ. "ಬ್ರೇಕ್ ಹಿಡಿದೆ, ಇನ್ನೂ ಮುಂದೆ ನುಗ್ಗಿತು" ಅನ್ನೋ ಮಾತಿನಲ್ಲೇ ಆ ದಿನ ಏನಾಯಿತು ಅನ್ನೋದು ಪೂರ್ತಿ ಇದೆ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಕಾಯಿಲೆ ಆದವರಿಗೆ ದಿನದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವುದು ನನ್ನ ಕೆಲಸ, ಇಪ್ಪತ್ತು ವರ್ಷದಿಂದ ಸ್ಟ್ರೋಕ್ ಆದವರ ಜೊತೆ ಕೆಲಸ ಮಾಡುತ್ತಿದ್ದೇನೆ. ಇದೇ ಮಾತನ್ನು ಬೇರೆ ಬೇರೆ ಮನೆಗಳಲ್ಲಿ ಕೇಳಿದ್ದೇನೆ, ಅದರಲ್ಲೂ ವರ್ಷಗಟ್ಟಲೆ ಗೇರ್ ಸ್ಕೂಟರ್ ಓಡಿಸಿದ ಗಂಡಸರ ಬಾಯಲ್ಲಿ.

ಚೇತಕ್‌ನಲ್ಲಿ ಬ್ರೇಕ್ ಎಲ್ಲಿತ್ತು ನೆನಪು ಮಾಡಿಕೊಳ್ಳಿ. ಮುಂದಿನ ಬ್ರೇಕು ಬಲಗೈ ಲಿವರ್. ಹಿಂದಿನ ಬ್ರೇಕು ಬಲಗಾಲ ಕೆಳಗಿನ ಪೆಡಲ್. ಗಾಬರಿಯಾದ ತಕ್ಷಣ ಬಲಗೈ ಬಿಗಿಯಾಗಬೇಕು, ಬಲಗಾಲು ಒತ್ತಬೇಕು. ಮೂವತ್ತು ವರ್ಷ ಅದೇ ಮಾಡಿದ ಮೇಲೆ ಅದು ತಲೆಯಲ್ಲಿ ಇರೋದಿಲ್ಲ, ಕೈಯಲ್ಲೇ ಇರುತ್ತದೆ. ಈಗ ಈ ಬ್ಯಾಟರಿ ಗಾಡಿ ನೋಡಿ. ಹ್ಯಾಂಡಲ್ ಹತ್ತಿರ ಹೆಬ್ಬೆರಳಿನಿಂದ ಒತ್ತುವ ಅಥವಾ ಬೆರಳುಗಳಿಂದ ಎಳೆಯುವ ಒಂದು ಲಿವರ್ ಇದೆ. ನೋಡೋದಕ್ಕೆ ಅದು ಬ್ರೇಕ್ ಲಿವರ್ ಇದ್ದ ಹಾಗೇ ಇರುತ್ತದೆ. ಆದರೆ ಅದು ಆಕ್ಸಿಲರೇಟರ್. ಒತ್ತಿದಷ್ಟು ಮುಂದೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಾಲ ಕೆಳಗೆ ಬರೀ ಮ್ಯಾಟ್. ರ‍್ಯಾಂಪ್ ಮೇಲೆ ಗಾಡಿ ಸ್ವಲ್ಪ ವಾಲಿತು, ಅಪ್ಪನಿಗೆ ಗಾಬರಿಯಾಯಿತು, ಬಲಗೈ ತಾನಾಗಿಯೇ ಬಿಗಿಹಿಡಿಯಿತು, ಗಾಡಿ ನುಗ್ಗಿತು. ನುಗ್ಗಿದ್ದಕ್ಕೆ ಗಾಬರಿ ಇನ್ನೂ ಹೆಚ್ಚಾಗಿ ಕೈ ಇನ್ನೂ ಬಿಗಿಯಾಯಿತು. ನೀವು ಬರೆದಿರುವುದನ್ನು ಓದಿದರೆ ನನಗೆ ಕಾಣಿಸುವುದು ಇದೇ. ಈ ಗಾಡಿಯ ಬ್ರೇಕು ಅಂದರೆ ಕೈ ಬಿಡುವುದು. ಕಲಿಸಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇದೇ.

ಒಳಗೆ ಏನಾಗುತ್ತದೆ ಅಂತಲೂ ಅವರಿಗೆ ಹೇಳಿ, ಯಂತ್ರ ಗೊತ್ತಿರುವವರಿಗೆ ಕಾರಣ ಗೊತ್ತಾದರೆ ನಂಬಿಕೆ ಬರುತ್ತದೆ. ಲಿವರ್ ಬಿಟ್ಟಾಗ ಮೋಟಾರೇ ಚಕ್ರವನ್ನು ಹಿಡಿದು ವೇಗ ಇಳಿಸುತ್ತದೆ. ಗಾಡಿ ಪೂರ್ತಿ ನಿಂತ ಮೇಲೆ ವಿದ್ಯುತ್ಕಾಂತದ ಬ್ರೇಕು ಬಿದ್ದು ಚಕ್ರ ಬಿಗಿಯಾಗುತ್ತದೆ. ಆಗ ಸೀಟಿನ ಕೆಳಗಿನಿಂದ "ಟಕ್" ಅಂತ ಸಣ್ಣ ಸದ್ದು ಬರುತ್ತದೆ. ಇವತ್ತೇ ಫ್ಯಾನ್ ಆರಿಸಿ, ಟಿವಿ ಆರಿಸಿ, ಆ ಸದ್ದನ್ನು ಅಪ್ಪನಿಗೆ ನಾಲ್ಕು ಸಲ ಕೇಳಿಸಿ. ಟಕ್ ಅನ್ನೋವರೆಗೆ ಗಾಡಿ ನಿಂತಿಲ್ಲ ಅಂತಲೇ ಲೆಕ್ಕ. ಕೈ ಬಿಟ್ಟ ಕ್ಷಣಕ್ಕೂ ಟಕ್ ಅನ್ನೋದಕ್ಕೂ ನಡುವೆ ಗಾಡಿ ಸ್ವಲ್ಪ ದೂರ ಜಾರಿಕೊಂಡು ಹೋಗುತ್ತದೆ. ಆ ದೂರ ಎಷ್ಟು ಅಂತ ಕಣ್ಣಳತೆ ಬಂದರೆ ಅರ್ಧ ಕಲಿತ ಹಾಗೆ.

ಇನ್ನೊಂದು ವಿಷಯ, ಇದು ಮನೆಯವರಿಗೆ. ಪಕ್ಕದಲ್ಲಿ ನಡೆಯುವ ಮಗನೋ ಮಗಳೋ ಅಪಾಯ ಕಂಡ ತಕ್ಷಣ "ಅಪ್ಪಾ, ಬ್ರೇಕ್ ಹಾಕಿ, ಬ್ರೇಕ್!" ಅಂತ ಕೂಗುತ್ತಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಅವರ ಕೈ ಚೇತಕ್ಕಿಗೆ ವಾಪಸ್ ಹೋಗುತ್ತದೆ. ಬ್ರೇಕ್ ಅನ್ನೋ ಪದವನ್ನೇ ಈ ಗಾಡಿ ಹತ್ತಿರ ಆಡಬೇಡಿ. "ಕೈ ಬಿಡಿ" ಅಂತ ಮಾತ್ರ ಹೇಳಿ. ಮನೆಯಲ್ಲಿ ಎಲ್ಲರೂ, ಅಮ್ಮನೂ, ಮೊಮ್ಮಕ್ಕಳೂ, ಕೆಲಸದವರೂ ಇದೇ ಎರಡು ಪದ ಕಲಿಯಲಿ. ಮೊದಲ ಮೂರು ದಿನ ಗಾಡಿ ಓಡಿಸೋದೇ ಬೇಡ. ಕೀ ಆಫ್ ಮಾಡಿ, ಸೀಟಿನ ಮೇಲೆ ಕೂತು, ಲಿವರ್ ಹಿಡಿದುಕೊಳ್ಳಲಿ. ನೀವು ಯಾವುದೋ ಬೇರೆ ಮಾತಾಡುತ್ತಾ ಇದ್ದಕ್ಕಿದ್ದಂತೆ "ಕೈ ಬಿಡಿ" ಅನ್ನಿ. ಅವರು ಬೆರಳು ಸಡಿಲ ಮಾಡಿದರೆ ಸಾಲದು, ಅಂಗೈ ಪೂರ್ತಿ ಬಿಡಿಸಿ ಎತ್ತಬೇಕು, ಆಶೀರ್ವಾದ ಮಾಡುವ ಹಾಗೆ. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಬೇಜಾರಾಗುತ್ತದೆ, ಗೊತ್ತು. ಆದರೂ ಮಾಡಿಸಿ. ಹಳೇ ಅಭ್ಯಾಸವನ್ನು ಬುದ್ಧಿಮಾತು ಅಳಿಸುವುದಿಲ್ಲ, ಹೊಸ ಅಭ್ಯಾಸವೇ ಅಳಿಸಬೇಕು.

ಇದೆಲ್ಲಕ್ಕೂ ಮುಂಚೆ ಒಂದು ಪರೀಕ್ಷೆ ಆಗಲೇಬೇಕು. ಇಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ತಂದೆಗೆ ಎಡಭಾಗಕ್ಕೆ ತೊಂದರೆ ಆಗಿದೆ ಅಂದರೆ ಪೆಟ್ಟು ಬಿದ್ದಿರುವುದು ಮೆದುಳಿನ ಬಲಭಾಗಕ್ಕೆ. ಹೀಗಾದ ಕೆಲವರಲ್ಲಿ ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಪ್ರಪಂಚವೇ ಗಮನಕ್ಕೆ ಬರುವುದಿಲ್ಲ. ಅವರಿಗೆ ಅದು ಗೊತ್ತೂ ಆಗುವುದಿಲ್ಲ, ಕೇಳಿದರೆ ಎಲ್ಲಾ ಕಾಣುತ್ತದೆ ಅನ್ನುತ್ತಾರೆ. ಒಂದು ಮನೆಗೆ ಹೋಗಿದ್ದಾಗ ಆ ಮನೆಯ ಸೊಸೆ "ಮಾವನಿಗೆ ಈಚೆಗೆ ಪಲ್ಯ ಸೇರುವುದಿಲ್ಲ, ಹಾಗೇ ಬಿಡುತ್ತಾರೆ" ಅಂದರು. ಊಟದ ಹೊತ್ತಿಗೆ ನಾನೂ ಕೂತು ನೋಡಿದೆ. ತಟ್ಟೆಯ ಬಲಗಡೆ ಎಲ್ಲಾ ಖಾಲಿ. ಎಡಗಡೆಯ ಪಲ್ಯ, ಕೋಸಂಬರಿ, ಅರ್ಧ ಅನ್ನ ಗೆರೆ ಎಳೆದ ಹಾಗೆ ಉಳಿದಿತ್ತು. ನಾನು ಸುಮ್ನೆ ತಟ್ಟೆ ತಿರುಗಿಸಿದೆ. ಹಿರಿಯರು "ಇದನ್ನು ಯಾವಾಗ ಬಡಿಸಿದಿರಿ?" ಅಂತ ಕೇಳಿ ಪೂರ್ತಿ ಊಟ ಮಾಡಿದರು. ಅಂಥವರ ಕೈಗೆ ಈ ಗಾಡಿ ಕೊಟ್ಟರೆ ಎಡಗಡೆಯಿಂದ ಬರುವ ಬೈಕು, ಎಡಗಡೆಯ ಚರಂಡಿ ಎರಡೂ ಅವರ ಪಾಲಿಗೆ ಇಲ್ಲವೇ ಇಲ್ಲ.

ಹಾಗಾಗಿ ಗಮನಿಸಿ. ತಟ್ಟೆಯ ಎಡಭಾಗ ಉಳಿಯುತ್ತದಾ? ಶೇವ್ ಮಾಡುವಾಗ ಎಡಕೆನ್ನೆ ಬಿಟ್ಟುಹೋಗುತ್ತದಾ? ಪೇಪರ್ ಓದುವಾಗ ಸಾಲಿನ ಮೊದಲ ಪದಗಳು ತಪ್ಪುತ್ತವಾ? ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ತಗಲುತ್ತದಾ? ಒಂದಕ್ಕೆ ಹೌದು ಅಂದರೂ ನರರೋಗ ತಜ್ಞರನ್ನೋ ಥೆರಪಿಸ್ಟನ್ನೋ ಕಂಡು ಸರಿಯಾಗಿ ಪರೀಕ್ಷೆ ಮಾಡಿಸುವ ತನಕ ಗಾಡಿ ಬೇಡ. ಗಾಡಿ ಆ ದಿನ ಎಡಕ್ಕೆ ಮಗುಚಿತೋ ಬಲಕ್ಕೋ ಅಂತ ನೀವು ಬರೆದಿಲ್ಲ. ಎಡಕ್ಕೇ ಆಗಿದ್ದರೆ ಈ ಪರೀಕ್ಷೆಯನ್ನು ಈ ವಾರವೇ ಮಾಡಿಸಿ. ಸ್ಟ್ರೋಕ್ ಆದ ಮೇಲೆ ಫಿಟ್ಸ್ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ ಅವರು ಒಪ್ಪುವ ತನಕ ಕಾಯಿರಿ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ಗಾಡಿ ಹತ್ತುವುದು ಬೇಡ. ನಿದ್ದೆ ಬರಿಸುವ ಮಾತ್ರೆ ಇದ್ದರೆ ತೆಗೆದುಕೊಂಡ ಮೇಲೆ ಬೇಡ.

ಇದೆಲ್ಲಾ ಸರಿ ಇದೆ ಅಂದುಕೊಂಡು ಮುಂದೆ ಹೇಳುತ್ತೇನೆ. ಅಭ್ಯಾಸಕ್ಕೆ ಸಮವಾದ, ಖಾಲಿ ಜಾಗ ಬೇಕು. ಭಾನುವಾರ ಬೆಳಿಗ್ಗೆ ಹತ್ತಿರದ ಶಾಲೆಯ ಮೈದಾನ ಸಿಕ್ಕರೆ ಚೆಂದ. ಹ್ಯಾಂಡಲ್ ಮೇಲೆ ಆಮೆ, ಮೊಲದ ಚಿತ್ರ ಇರುವ ಸ್ಪೀಡ್ ನಾಬ್ ಇರುತ್ತದಲ್ಲ, ಮೊದಲ ವಾರ ಪೂರ್ತಿ ಅದು ಆಮೆ ಕಡೆಯೇ ಇರಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮುಂದಿನ ಚಕ್ರ ಗೆರೆ ಮುಟ್ಟುವ ಮುಂಚೆ ಗಾಡಿ ನಿಲ್ಲಬೇಕು. ಮೊದಲ ದಿನ ದಾಟಿಯೇ ಹೋಗುತ್ತದೆ. ಒಂದು ಲೆಕ್ಕ ಹೇಳುತ್ತೇನೆ, ಗಂಟೆಗೆ 6 ಕಿ.ಮೀ. ಅಂದರೆ ಜೋರು ನಡಿಗೆ ಅಷ್ಟೇ, ಆದರೂ ಸೆಕೆಂಡಿಗೆ ಐದೂವರೆ ಅಡಿ ಹೋಗುತ್ತದೆ. ಗಾಡಿ 60 ಕೆ.ಜಿ., ಅಪ್ಪ 70 ಕೆ.ಜಿ. ಅಂದುಕೊಂಡರೆ 130 ಕೆ.ಜಿ. ಭಾರ ಉರುಳಿಕೊಂಡು ಬರುತ್ತಿರುತ್ತದೆ. ಮುಂದೆ ನಡೆಯುವವರ ಹಿಮ್ಮಡಿಗೆ ತಗುಲಿದರೆ ಚರ್ಮ ಸುಲಿಯುತ್ತದೆ. ಚಿಕ್ಕ ಮಗುವಿಗೆ ತಗುಲಿದರೆ ಏನಾಗುತ್ತದೆ ಅಂತ ನಾನು ಬರೆಯಬೇಕಾಗಿಲ್ಲ.

ಗೆರೆ ಮೇಲೆ ನಿಲ್ಲಿಸೋದು ಬಂದ ಮೇಲೆ ಎರಡು ಬಕೆಟ್ ಇಟ್ಟು ನಡುವೆ ಸುತ್ತಿಸಿ. ತಿರುಗಿಸುವಾಗ ಒಂದು ಕ್ರಮ: ಮೊದಲು ವೇಗ ಇಳಿಸಿ, ಆಮೇಲೆ ಹ್ಯಾಂಡಲ್ ತಿರುಗಿಸಿ, ನೇರ ಆದ ಮೇಲೆ ಮತ್ತೆ ಒತ್ತಿ. ವೇಗದಲ್ಲೇ ಹ್ಯಾಂಡಲ್ ಕಿತ್ತು ತಿರುಗಿಸಿದರೆ ನಾಲ್ಕು ಚಕ್ರದ್ದೂ ಒಂದು ಕಡೆ ಎದ್ದುಬಿಡುತ್ತದೆ, ಮೂರು ಚಕ್ರದ್ದಾದರೆ ಕೇಳೋದೇ ಬೇಡ. ಯಾಕಂದರೆ ಈ ಗಾಡಿಗಳ ಅಗಲ ಕಮ್ಮಿ, ಕೂತವರ ಭಾರ ಮೇಲೆ ಇರುತ್ತದೆ. ರಿವರ್ಸ್‌ಗೆ ಬಹಳಷ್ಟು ಮಾದರಿಗಳಲ್ಲಿ ಎಡಗಡೆಯ ಲಿವರ್ ಒತ್ತಬೇಕು, ಅಪ್ಪನ ಎಡಗೈ ಸೋತಿದೆ. ಒತ್ತೋದಕ್ಕೆ, ಅದಕ್ಕಿಂತ ಮುಖ್ಯವಾಗಿ ಬಿಡೋದಕ್ಕೆ ಅವರಿಗೆ ಆಗುತ್ತದಾ ನೋಡಿ. ಸ್ಟ್ರೋಕ್ ಆದ ಕೈ ಕೆಲವೊಮ್ಮೆ ಹಿಡಿದದ್ದನ್ನು ಬೇಗ ಬಿಡುವುದಿಲ್ಲ. ಹಾಗಿದ್ದರೆ ಲಿವರ್ ಬದಲಾಯಿಸಿ ಎರಡೂ ಬಲಗೈಗೆ ಸಿಗುವ ಹಾಗೆ ಮಾಡಿಕೊಡಲು ಅಂಗಡಿಯವರನ್ನು ಕೇಳಿ, ಆಗದಿದ್ದರೆ ರಿವರ್ಸ್ ಬೇಕಾಗದ ದಾರಿಯನ್ನೇ ಆರಿಸಿಕೊಳ್ಳಿ.

ಕಾಲಿನ ಅಭ್ಯಾಸವೂ ಬದಲಾಗಬೇಕು. ಚೇತಕ್‌ನಲ್ಲಿ ವಾಲಿದರೆ ಕಾಲು ಕೊಡುತ್ತಿದ್ದರು. ಇಲ್ಲಿ ಕಾಲು ಕೆಳಗಿಟ್ಟರೆ ಪಾದ ಗಾಡಿಯ ಅಡಿಗೆ ಸಿಕ್ಕಿ ಕಣಕಾಲು ತಿರುಚಿಕೊಳ್ಳುತ್ತದೆ. ಎರಡೂ ಕಾಲು ಮ್ಯಾಟ್ ಮೇಲೇ, ಟಕ್ ಅನ್ನೋವರೆಗೂ.

ಈಗ ನಿಮ್ಮ ಗೇಟಿನ ರ‍್ಯಾಂಪ್. ಬಿದ್ದದ್ದಕ್ಕೆ ಕೈಯ ಅಭ್ಯಾಸ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ ಅನ್ನೋದು ನನ್ನ ಅನುಮಾನ. ನಮ್ಮ ಊರುಗಳಲ್ಲಿ ಗೇಟಿನ ರ‍್ಯಾಂಪ್ ಕಟ್ಟೋದು ಕಾರು ಹತ್ತಿಸಲಿಕ್ಕೆ. ರಸ್ತೆಯಿಂದ ಮನೆಯ ನೆಲ ಒಂದೂವರೆ ಅಡಿ ಎತ್ತರ ಇದ್ದರೆ ಐದಡಿ ಉದ್ದದಲ್ಲಿ ಅದನ್ನು ಮುಗಿಸಿಬಿಡುತ್ತಾರೆ. ಅದು 16-17 ಡಿಗ್ರಿ ಏರು. ಚಕ್ರದ ಕುರ್ಚಿಗೆ, ಈ ಗಾಡಿಗೆ ಸರಿಯಾದ ಲೆಕ್ಕ 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅದು ಐದು ಡಿಗ್ರಿಗೂ ಕಮ್ಮಿ. ಒಂದೂವರೆ ಅಡಿಗೆ ಹದಿನೆಂಟು ಅಡಿ ಬೇಕಾಗುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟು ಡಿಗ್ರಿ ಏರು ಹತ್ತಬಹುದು ಅಂತ ಬರೆದಿರುತ್ತಾರೆ, ಸಾಮಾನ್ಯವಾಗಿ 6ರಿಂದ 10ರ ಒಳಗೆ. ಅದಕ್ಕಿಂತ ಕಡಿದಾದ ಜಾಗದಲ್ಲಿ ಮೋಟಾರ್ ಹತ್ತಿಸಿದರೂ ಹತ್ತಬಾರದು, ಹಿಂದಕ್ಕೆ ಮಗುಚುವ ಅಪಾಯ ಇರುತ್ತದೆ.

ಇಷ್ಟರ ಮೇಲೆ ರಸ್ತೆಯಿಂದ ಬರುವವರು ಎಲ್ಲರೂ ಮಾಡುವ ಒಂದು ತಪ್ಪು ಇದೆ. ರಸ್ತೆಯ ಪಕ್ಕದಲ್ಲೇ ಬಂದು, ರ‍್ಯಾಂಪ್ ಮೇಲೆ ಓರೆಯಾಗಿ ಏರುತ್ತಾ ಗೇಟಿನ ಕಡೆ ತಿರುಗಿಸುತ್ತಾರೆ. ಆಗ ಒಂದು ಬದಿಯ ಚಕ್ರಗಳು ಮೇಲೆ, ಇನ್ನೊಂದು ಬದಿಯವು ಕೆಳಗೆ. ಸುಮಾರು ಎರಡು ಅಡಿ ಅಗಲದ ಗಾಡಿ, ಅದರ ಮೇಲೆ ಎತ್ತರದಲ್ಲಿ ಕೂತ ಮನುಷ್ಯ. ಇಳಿಜಾರಿನಲ್ಲಿ ಯಾವತ್ತೂ ತಿರುಗಿಸಬಾರದು. ಸಮ ನೆಲದಲ್ಲೇ ಪೂರ್ತಿ ತಿರುಗಿ, ಗಾಡಿಯ ಮೂತಿ ಗೇಟಿಗೆ ನೇರ ಆದ ಮೇಲೆ, ಒಂದು ಕ್ಷಣ ನಿಂತು, ಆಮೇಲೆ ಏರಬೇಕು. ಏರುವಾಗ ಎದೆ ಮುಂದಕ್ಕೆ ಬಾಗಿರಲಿ, ಇಳಿಯುವಾಗ ಬೆನ್ನು ಸೀಟಿಗೆ ಅಂಟಿರಲಿ. ಇಳಿಯುವಾಗ ನಾಬ್ ಆಮೆಗೆ. ಏರಿನ ನಡುವೆ ನಿಲ್ಲಿಸೋದು ಬೇಡ, ಮತ್ತೆ ಹೊರಡುವಾಗ ಮುಂದಿನ ಚಕ್ರ ಎದ್ದೇಳಬಹುದು. ಹಿಂದೆ ಪುಟ್ಟ ಎರಡು ಚಕ್ರ ಇರುತ್ತವಲ್ಲ, ಮಗುಚದಂತೆ ತಡೆಯೋದೇ ಅವು. ಹಂಪ್‌ಗೆ ತಾಗುತ್ತದೆ ಅಂತ ಕೆಲವರು ಬಿಚ್ಚಿಸುತ್ತಾರೆ, ದಯವಿಟ್ಟು ಬಿಚ್ಚಿಸಬೇಡಿ. ಸಹಾಯಕ್ಕೆ ನಿಲ್ಲುವವರು ಗಾಡಿಯ ಹಿಂದೆ ಇಳಿಜಾರಿನಲ್ಲಿ ನಿಲ್ಲಬಾರದು, 130 ಕೆ.ಜಿ. ವಾಪಸ್ ಬಂದರೆ ಯಾರಿಗೂ ಹಿಡಿಯೋಕಾಗಲ್ಲ. ಪಕ್ಕದಲ್ಲಿ ನಿಂತು ಸೀಟಿನ ಬೆನ್ನು ಹಿಡಿದುಕೊಳ್ಳಿ.

ಹದಿನೆಂಟು ಅಡಿ ರ‍್ಯಾಂಪ್‌ಗೆ ಜಾಗ ಎಲ್ಲಿ ಅಂತ ನೀವು ಕೇಳುತ್ತೀರಿ. ರಸ್ತೆ ಕಡೆಗೆ ಚಾಚುವುದು ತಪ್ಪು, ಅದು ಬೇರೆಯವರು ನಡೆಯುವ ಜಾಗ. ಕಾಂಪೌಂಡ್ ಒಳಗೆ ಗೋಡೆ ಪಕ್ಕದಲ್ಲಿ ಎಳೆಯಲು ಆಗುತ್ತದಾ ನೋಡಿ, ಬೇಕಾದರೆ ನಡುವೆ ಒಂದು ಸಮತಟ್ಟು ಬಿಟ್ಟು ತಿರುಗಿಸಿ. ಮೇಲ್ತುದಿಯಲ್ಲಿ ಐದಡಿ ಚೌಕದ ಸಮ ಜಾಗ, ಎರಡೂ ಅಂಚಿಗೆ ಎರಡು ಮೂರು ಇಂಚಿನ ದಿಂಡು, ಮೇಲ್ಮೈ ಒರಟಾಗಿರಲಿ, ಪಾಲಿಶ್ ಗ್ರಾನೈಟ್ ಬೇಡವೇ ಬೇಡ. ಅದೂ ಆಗಲ್ಲ ಅಂದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ಗಾಡಿ ಮನೆಯೊಳಗೆ ಬರಲೇಬೇಕು ಅಂತ ಏನಿಲ್ಲ. ರಸ್ತೆ ಮಟ್ಟದಲ್ಲಿ, ಗೇಟಿನ ಒಳಗೆ ಸಣ್ಣ ಶೀಟಿನ ನೆರಳು ಮಾಡಿ ಅಲ್ಲೇ ಬೀಗ ಹಾಕಿ ನಿಲ್ಲಿಸಿ. ಅಪ್ಪ ಮನೆಯೊಳಗೆ ಓಡಾಡುತ್ತಾರಲ್ಲ, ಬಾಗಿಲಿನಿಂದ ಗಾಡಿವರೆಗೆ ಗಟ್ಟಿ ಕಂಬಿ ಹಾಕಿಸಿದರೆ ಮೆಟ್ಟಿಲು ಇಳಿದು ತಾವೇ ಹೋಗಿ ಕೂರುತ್ತಾರೆ. ದಿನಕ್ಕೆ ಅಷ್ಟು ನಡೆದರೆ ಕಾಲಿಗೂ ಒಳ್ಳೆಯದು. ಗಾಡಿ ಸಿಕ್ಕಿತು ಅಂತ ನಡಿಗೆ ಬಿಟ್ಟವರ ಕಾಲು ಇನ್ನೂ ಸೋತದ್ದನ್ನು ನೋಡಿದ್ದೇನೆ.

ನಿಮ್ಮಕ್ಕ ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಇಂಗ್ಲೆಂಡಿನ ವ್ಯವಸ್ಥೆ ಬೇರೆ. ಅಲ್ಲಿ ಫುಟ್‌ಪಾತ್ ಮೇಲಿನ ಗಾಡಿಗಳಿಗೆ ಗಂಟೆಗೆ 4 ಮೈಲಿ, ಅಂದರೆ ಸುಮಾರು 6.4 ಕಿ.ಮೀ. ಮಿತಿ. ರಸ್ತೆಗೆ ಇಳಿಯುವ ಇನ್ನೊಂದು ವರ್ಗಕ್ಕೆ 8 ಮೈಲಿ, ಸುಮಾರು 12.8 ಕಿ.ಮೀ. ಆ ವರ್ಗದ್ದನ್ನು ನೋಂದಾಯಿಸಬೇಕು, ಲೈಟು, ಹಾರ್ನ್ ಇರಬೇಕು, ಆದರೆ ಡ್ರೈವಿಂಗ್ ಲೈಸೆನ್ಸ್ ಬೇಡ. ಅಲ್ಲಿನ ಫುಟ್‌ಪಾತ್ ಅಂಚು ರಸ್ತೆ ದಾಟುವ ಜಾಗಗಳಲ್ಲಿ ನೆಲಕ್ಕೆ ಇಳಿದಿರುತ್ತದೆ. ನಮ್ಮಲ್ಲಿ ಫುಟ್‌ಪಾತ್ ಅಂದರೆ ಬಹಳ ಕಡೆ ಚರಂಡಿ ಮೇಲೆ ಮುಚ್ಚಿದ ಚಪ್ಪಡಿ. ಎರಡು ಚಪ್ಪಡಿ ನಡುವಿನ ಸಂದಿಗೆ ಈ ಗಾಡಿಯ ಎಂಟು ಹತ್ತು ಇಂಚಿನ ಚಕ್ರ ಸಿಕ್ಕಿಕೊಳ್ಳುತ್ತದೆ, ಅಲ್ಲಾಡುವ ಚಪ್ಪಡಿ ಭಾರಕ್ಕೆ ಕುಸಿಯಬಹುದು. ನೀವು ಮೊದಲು ನಡೆದು ನೋಡದ ಚಪ್ಪಡಿ ಮೇಲೆ ಅಪ್ಪ ಗಾಡಿ ಹತ್ತಿಸಬಾರದು. ಅವರು ದಿನಾ ಹೋಗಬೇಕು ಅಂದುಕೊಂಡಿರುವ ಜಾಗ ಯಾವುದು? ಪಾರ್ಕಾ, ದೇವಸ್ಥಾನವಾ, ಸ್ನೇಹಿತರ ಮನೆಯಾ? ಆ ದಾರಿಯನ್ನು ಒಂದು ಬೆಳಿಗ್ಗೆ ನೀವು ಪೂರ್ತಿ ನಡೆಯಿರಿ. ಎಲ್ಲಿ ಜಲ್ಲಿ ಸುರಿದಿದ್ದಾರೆ, ಎಲ್ಲಿ ಮೋರಿ ತೆರೆದಿದೆ, ಎಲ್ಲಿ ಅಂಚು ಎತ್ತರ, ಎಲ್ಲಿ ನಾಯಿಗಳ ಗುಂಪು ಇದೆ ಅಂತ ನೋಡಿ. ಇನ್ನೂರು ಮೀಟರ್ ಸುತ್ತು ಬಳಸಿದರೂ ಪರವಾಗಿಲ್ಲ, ಒಂದು ಒಳ್ಳೆಯ ದಾರಿ ಗೊತ್ತು ಮಾಡಿ. ಮೊದಲ ತಿಂಗಳು ಅದೊಂದೇ ದಾರಿ. ಸರಸ್ವತಿಪುರಂ ಅಂದಮೇಲೆ ಕುಕ್ಕರಹಳ್ಳಿ ಕೆರೆಗೆ ಹೋಗಬೇಕು ಅಂತ ಅವರಿಗೆ ಆಸೆ ಇದ್ದೇ ಇರುತ್ತದೆ. ಏರಿ ಮೇಲಿನ ಮಣ್ಣಿನ ದಾರಿ ಮಳೆಗಾಲದಲ್ಲಿ ಈ ಗಾಡಿಗೆ ಆಗದು. ಬೇಸಿಗೆಯಲ್ಲಿ, ನೆಲ ಗಟ್ಟಿಯಾದ ಮೇಲೆ, ಜೊತೆಗೆ ಯಾರಾದರೂ ಇದ್ದಾಗ ನೋಡಿಕೊಳ್ಳಿ.

ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಅಂಚೇ ಗತಿ. ಒಳರಸ್ತೆ ಮಾತ್ರ, ಬಸ್ಸು ಓಡಾಡುವ ರಸ್ತೆ ಬೇಡ, ಕತ್ತಲಾದ ಮೇಲೆ ಬೇಡ. ಈ ಗಾಡಿಯಲ್ಲಿ ಕೂತವರ ತಲೆ ನೆಲದಿಂದ ನಾಲ್ಕೂವರೆ ಅಡಿ ಇರಬಹುದು ಅಷ್ಟೇ. ನಿಂತ ಕಾರಿನ ಹಿಂದಿನಿಂದ ಹೊರಗೆ ಬಂದರೆ ಆಟೋದವರಿಗೆ ಕಾಣುವುದೇ ಇಲ್ಲ. ಸೀಟಿನ ಹಿಂದೆ ಆರಡಿ ಎತ್ತರಕ್ಕೆ ಬರುವ ಹಾಗೆ ಒಂದು ಸಪೂರ ಕೋಲಿಗೆ ಕಿತ್ತಳೆ ಬಣ್ಣದ ಬಾವುಟ ಕಟ್ಟಿ. ಹಿಂದೆ, ಪಕ್ಕದಲ್ಲಿ ಹೊಳೆಯುವ ಟೇಪ್ ಅಂಟಿಸಿ. ನೋಡುವವರು ಏನಂದುಕೊಳ್ಳುತ್ತಾರೋ ಅಂತ ಅಪ್ಪ ಬೇಡ ಅನ್ನಬಹುದು, ನೀವು ಬಿಡಬೇಡಿ. ರಸ್ತೆ ದಾಟುವಾಗ ಬರುವ ಗಾಡಿಯವನ ಕಣ್ಣು ನೋಡಿ, ಅವನು ನಿಲ್ಲಿಸಿದ ಮೇಲೆ ಹೊರಡಲಿ. ಹಂಪ್ ಬಂದರೆ ನೇರವಾಗಿ, ಎರಡೂ ಮುಂದಿನ ಚಕ್ರ ಒಟ್ಟಿಗೆ ಹತ್ತುವ ಹಾಗೆ, ನಿಧಾನಕ್ಕೆ. ಬೈಕಿನವರ ಹಾಗೆ ಪಕ್ಕದ ಸಂದಿಯಲ್ಲಿ ನುಸುಳೋದು ಬೇಡ, ಅಲ್ಲೇ ಚರಂಡಿ ಇರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಿಸಿಕೊಂಡು ಹೋಗೋದಲ್ಲ, ಕೈ ಬಿಟ್ಟು ನಿಲ್ಲೋದು. ಓಡುವ ಚಕ್ರದ ಹಿಂದೆ ನಾಯಿ ಓಡುತ್ತದೆ, ನಿಂತರೆ ಬಹಳಷ್ಟು ಸಲ ಸುಮ್ಮನಾಗುತ್ತದೆ.

ಹತ್ತುವಾಗ ಇಳಿಯುವಾಗ ಆಗುವ ಅನಾಹುತದ ಬಗ್ಗೆ ಅಂಗಡಿಯವರು ಹೇಳುವುದೇ ಇಲ್ಲ. ಹಿರಿಯರೊಬ್ಬರು ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಕೀ ಆಫ್ ಮಾಡದೆ, ಏಳುವುದಕ್ಕೆ ಅಂತ ಹ್ಯಾಂಡಲ್ ಮೇಲೆ ಕೈ ಊರಿದರು. ಅಂಗೈ ಲಿವರ್ ಮೇಲೆ ಬಿತ್ತು. ಗಾಡಿ ಮುಂದೆ ಹೋಯಿತು, ಅವರು ಹಿಂದೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಅದಕ್ಕೇ ಕ್ರಮ ಹೀಗೆ: ನಿಂತಿತು, ಟಕ್ ಕೇಳಿತು, ಕೀ ತಿರುಗಿಸಿ ಹೊರಗೆ ತೆಗೆದು ಜೇಬಿಗೆ ಹಾಕಿ, ಆಮೇಲೆ ಸೀಟಿನ ತೋಳು ಹಿಡಿದು ಏಳೋದು. ಸೀಟು ತಿರುಗುವಂಥದ್ದಾದರೆ ತಿರುಗಿಸಿದ ಮೇಲೆ ಲಾಕ್ ಬಿದ್ದಿದೆಯಾ ಅಂತ ಒಮ್ಮೆ ಅಲ್ಲಾಡಿಸಿ ನೋಡಬೇಕು. ಅಪ್ಪ ಪಂಚೆ ಉಡುವವರಾದರೆ ಅದರ ಅಂಚು ಹಿಂದಿನ ಚಕ್ರಕ್ಕೆ ಸಿಗದ ಹಾಗೆ ಎತ್ತಿ ತೊಡೆ ಕೆಳಗೆ ಸಿಕ್ಕಿಸಿಕೊಳ್ಳಲಿ, ಪ್ಯಾಂಟ್ ಹಾಕಿದರೆ ಇನ್ನೂ ಒಳ್ಳೆಯದು. ತರಕಾರಿ ಚೀಲವನ್ನು ಹ್ಯಾಂಡಲ್‌ಗೆ ನೇತು ಹಾಕಬಾರದು, ಅದು ಜೋತಾಡಿ ಲಿವರ್ ಒತ್ತುತ್ತದೆ. ಸೀಟಿನ ಹಿಂದೆ ಭಾರ ಕಟ್ಟಿದರೆ ಏರಿನಲ್ಲಿ ಹಿಂದಕ್ಕೆ ಎಳೆಯುತ್ತದೆ. ಮುಂದಿನ ಬುಟ್ಟಿಯಲ್ಲಿ ಹಗುರವಾದದ್ದು ಇರಲಿ ಸಾಕು. ಮೊಮ್ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳೋದು ಬೇಡ. ಇದನ್ನು ಹೇಳೋದು ಕಷ್ಟ ಅಂತ ಗೊತ್ತು, ತಾತನಿಗೂ ಮಗುವಿಗೂ ಅದಕ್ಕಿಂತ ಖುಷಿ ಇನ್ನೊಂದಿಲ್ಲ. ಆದರೆ ಮಗುವಿನ ಕೈ ಮೊದಲು ಹೋಗೋದೇ ಆ ಲಿವರ್ ಹತ್ತಿರ.

ಗಾಡಿಯ ಹಿಂದೆ, ಮೋಟಾರ್ ಹತ್ತಿರ ಇನ್ನೊಂದು ಪುಟ್ಟ ಲಿವರ್ ಇರುತ್ತದೆ. ಅದನ್ನು ಎಳೆದರೆ ಗಾಡಿ ನ್ಯೂಟ್ರಲ್‌ಗೆ ಬಂದು ತಳ್ಳಲು ಆಗುತ್ತದೆ. ಆಗ ನಾನು ಮೇಲೆ ಹೇಳಿದ ಎರಡೂ ಬ್ರೇಕು ಇರುವುದಿಲ್ಲ, ಇಳಿಜಾರಿನಲ್ಲಿ ಬರೀ ಬಂಡಿ. ನೆಲ ಒರೆಸುವವರು ಗಾಡಿ ಪಕ್ಕಕ್ಕೆ ಸರಿಸಿ ಆ ಲಿವರ್ ಹಾಗೇ ಬಿಟ್ಟಿರುತ್ತಾರೆ. ಕೂರುವ ಮುಂಚೆ ಗಾಡಿಯನ್ನು ಒಂದು ಸಲ ಕೈಯಿಂದ ತಳ್ಳಿ ನೋಡುವ ಅಭ್ಯಾಸ ಮಾಡಿಸಿ. ಅಲ್ಲಾಡಿದರೆ ಕೂರಬಾರದು.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. ಇಷ್ಟು ಕಿ.ಮೀ. ಓಡುತ್ತದೆ ಅಂತ ಬರೆದಿರೋದು ಹೊಸ ಬ್ಯಾಟರಿ, ಸಮ ರಸ್ತೆಯ ಲೆಕ್ಕ, ನೀವು ಅದರ ಅರ್ಧ ಅಂದುಕೊಳ್ಳಿ. ಲೆಡ್ ಆಸಿಡ್ ಬ್ಯಾಟರಿಯಾದರೆ ಓಡಿಸಿದ ದಿನ ರಾತ್ರಿ ಚಾರ್ಜ್‌ಗೆ ಹಾಕಿ, ಪೂರ್ತಿ ಇಳಿಯಲು ಬಿಟ್ಟರೆ ಬೇಗ ಹಾಳಾಗುತ್ತದೆ. ಈಗ ಕೀ ಎತ್ತಿಟ್ಟು ನಿಲ್ಲಿಸಿದ್ದೀರಲ್ಲ, ಒಂದು ಸಲ ಪೂರ್ತಿ ಚಾರ್ಜ್ ಮಾಡಿ. ಗಾಡಿ ಜೊತೆ ಬಂದ ಚಾರ್ಜರ್ ಬಿಟ್ಟು ಬೇರೆ ಹಾಕಬೇಡಿ, ಲಿಥಿಯಂ ಆದರಂತೂ ಖಂಡಿತ ಬೇಡ. ಮನೆಯಿಂದ ಹೊರಗೆ ಹೋಗುವ ದಾರಿಯಲ್ಲೋ ಮೆಟ್ಟಿಲ ಕೆಳಗೋ ಚಾರ್ಜ್‌ಗೆ ಇಡಬೇಡಿ, ಬೆಂಕಿ ಹತ್ತಿದರೆ ಓಡಿಹೋಗುವ ದಾರಿಯೇ ಮುಚ್ಚುತ್ತದೆ. ಪೈಪ್ ಹಿಡಿದು ತೊಳೆಯುವುದು, ನಿಂತ ನೀರಿನಲ್ಲಿ ಇಳಿಸುವುದು ಬೇಡ. ನೀರಿನ ಕೆಳಗೆ ಗುಂಡಿ ಇದೆಯೋ ಇಲ್ಲವೋ ಅನ್ನೋದಂತೂ ಇದ್ದೇ ಇದೆ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಗೊತ್ತಿರಲಿ. ನಮ್ಮ ನಿಯಮದ ಪ್ರಕಾರ ಮೋಟಾರ್ 250 ವ್ಯಾಟ್‌ಗಿಂತ ಕಮ್ಮಿ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಮ್ಮಿ ಇರುವ ಬ್ಯಾಟರಿ ಗಾಡಿಯನ್ನು, ಇನ್ನೂ ಕೆಲವು ಷರತ್ತುಗಳ ಮೇಲೆ, ಮೋಟಾರು ವಾಹನ ಅಂತ ಲೆಕ್ಕ ಹಿಡಿಯುವುದಿಲ್ಲ. ಮೋಟಾರ್ ಮೇಲಿನ ಚೀಟಿ ನೋಡಿ, ಜಾಸ್ತಿ ಇದ್ದರೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 25 ಕಿ.ಮೀ. ನಿಯಮದ ಮಾತು, ಅಪ್ಪನಿಗೆ 6 ಸಾಕು.

ಸ್ಟ್ರೋಕ್ ಆದವರಲ್ಲಿ ಬಹಳ ಜನ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಅಂಥವರಿಗೆ ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಇಲ್ಲದಿದ್ದರೂ ಒಳಗೆ ರಕ್ತ ಸೋರಬಹುದು, ಅದು ಗೊತ್ತಾಗೋದು ಗಂಟೆಗಳ ನಂತರ. ಮುಂದೆ ಯಾವತ್ತಾದರೂ ಬಿದ್ದು ತಲೆ ತಗುಲಿದರೆ, ಅವರು ಎಷ್ಟೇ ಚೆನ್ನಾಗಿದ್ದೀನಿ ಅಂದರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಸ್ತೆಗೆ ಇಳಿಯುವಾಗ ಸೈಕಲ್ ಹೆಲ್ಮೆಟ್ ಹಾಕಿಸಿ, ಸೊಂಟದ ಬೆಲ್ಟ್ ಇದ್ದರೆ ಅದನ್ನೂ. ಜೇಬಿನಲ್ಲಿ ಫೋನ್, ಮನೆಯ ನಂಬರ್, ಮಾತ್ರೆಗಳ ಚೀಟಿ ಇರಲಿ.

ಅಮ್ಮನ ಬಗ್ಗೆ. ಅವರು ಕೀ ಎತ್ತಿಟ್ಟಿದ್ದು ಭಯದಿಂದ, ಗಂಡ ಬಿದ್ದಿದ್ದನ್ನು ಕಣ್ಣಾರೆ ನೋಡಿದ್ದಾರೆ. ಅಪ್ಪ ಮಾತು ಬಿಟ್ಟಿದ್ದು ಕೋಪದಿಂದ ಅಂತ ನಿಮಗೆ ಅನ್ನಿಸಬಹುದು, ನನಗೆ ಹಾಗೆ ಕಾಣಿಸುತ್ತಿಲ್ಲ. ಒಂದೂವರೆ ವರ್ಷದಲ್ಲಿ ಮೊದಲ ಸಲ ಎಂಟು ದಿನ ಅವರು ಯಾರನ್ನೂ ಕೇಳದೆ ಗೇಟು ದಾಟಿದ್ದರು. ಅದು ಹೋಯಿತು. ಜೊತೆಗೆ "ನಿನಗೆ ಬ್ರೇಕ್ ಹಿಡಿಯೋಕೂ ಬರಲ್ಲ" ಅನ್ನೋ ಮಾತು ಬಾಯಿಬಿಟ್ಟು ಯಾರೂ ಹೇಳದಿದ್ದರೂ ಅವರಿಗೆ ಕೇಳಿಸಿದೆ. ಮೊದಲು ಅವರ ಹತ್ತಿರ ಹೋಗಿ ಹೇಳಿ: ಅಪ್ಪ, ನೀವು ಹೇಳಿದ್ದು ಸರಿ, ನೀವು ಹಿಡಿದಿರಿ, ಅದಕ್ಕೇ ಅದು ಹೋಯಿತು, ಈ ಗಾಡಿಯ ಬ್ರೇಕೇ ಉಲ್ಟಾ. ಆಮೇಲೆ ಅಮ್ಮನನ್ನೇ ಕರೆದು "ಕೈ ಬಿಡಿ" ಅಂತ ಹೇಳುವ ಕೆಲಸ ಅವರಿಗೆ ಕೊಡಿ. ಇಪ್ಪತ್ತು ಸಲಕ್ಕೆ ಇಪ್ಪತ್ತು ಸಲವೂ ಆ ಕೈ ಬಿಡಿಸಿಕೊಳ್ಳುವುದನ್ನು ಅವರೇ ನೋಡಿದ ದಿನ ಕೀಯನ್ನು ಅವರೇ ತಂದುಕೊಡಲಿ.

ಅಷ್ಟರೊಳಗೆ ನೀವು ಒಂದು ಟೇಪ್ ಹಿಡಿದು ಮೂರು ಅಳತೆ ತೆಗೆದು ನನಗೆ ಬರೆಯಿರಿ: ರಸ್ತೆಯಿಂದ ಗೇಟಿನ ಒಳಗಿನ ನೆಲ ಎಷ್ಟು ಎತ್ತರ, ಈಗಿನ ರ‍್ಯಾಂಪ್ ಎಷ್ಟು ಉದ್ದ, ಗೇಟಿನಿಂದ ಮೊದಲ ಮೆಟ್ಟಿಲಿಗೆ ಎಷ್ಟು ಜಾಗ. ಗಾಡಿ ಯಾವ ಕಡೆಗೆ ಮಗುಚಿತು ಅನ್ನೋದನ್ನೂ ಮರೆಯದೆ ಬರೆಯಿರಿ.